ಬ್ಯಾಟಿಂಗ್ ಟೈಟಲ್ ಕೈಯಲ್ಲಿರುವಾಗ ಕೊನೆಯ ಪಂದ್ಯ ಆಡಬೇಕಾ, ಕೂರಬೇಕಾ?

ಕ್ವೀನ್ಸ್ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು, ಅದೂ ಶನಿವಾರದೊಳಗೆ.

ನನ್ನ ಮಗನಿಗೆ ಹನ್ನೆರಡು ವರ್ಷ. ಇಲ್ಲಿನ ಮಕ್ಕಳ ಬೇಸ್‌ಬಾಲ್ ಲೀಗಿನಲ್ಲಿ ಆಡ್ತಾನೆ. ವಾರವಾರ ಬ್ಯಾಟಿಂಗ್ ಆವರೇಜ್ ಪಟ್ಟಿ ಹಾಕ್ತಾರೆ. ಸೀಸನ್ ಕೊನೆಗೆ ಅದರಲ್ಲಿ ಮೊದಲಿದ್ದವನಿಗೆ ಬ್ಯಾಟಿಂಗ್ ಟೈಟಲ್. ಈಗ ಇವನೇ ಮೊದಲಿದ್ದಾನೆ. 28 ಅಟ್‌-ಬ್ಯಾಟಿಗೆ 12 ಹಿಟ್, ಅಂದರೆ .429. ಎರಡನೆಯವನು ಬೇರೆ ಟೀಮಿನ ಹುಡುಗ, 25ಕ್ಕೆ 10, ಸರಿಯಾಗಿ .400. ಶನಿವಾರ ಇಬ್ಬರಿಗೂ ಕೊನೆಯ ಪಂದ್ಯ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಮಗ ಕೇಳಿದ, "ಅಪ್ಪಾ, ಕಾಲು ನೋವು ಅಂತ ಹೇಳಿ ನಾನು ಶನಿವಾರ ಆಡದೇ ಇದ್ರೆ ಆಗುತ್ತಾ?" ಕಾಲಿಗೆ ಏನೂ ಆಗಿಲ್ಲ. ಬೈಯೋಣ ಅಂತ ಬಾಯಿ ತೆರೆದೆ, ಅಷ್ಟರಲ್ಲಿ ಅವನೇ "ರೇಯೆಸ್ ಹಾಗೇ ಮಾಡಿದ್ನಲ್ಲ" ಅಂದ.

ಅಲ್ಲಿಗೆ ನನ್ನ ಮಾತು ನಿಂತಿತು. ಗೊತ್ತಿಲ್ಲದವರಿಗೆ ಹೇಳ್ತೀನಿ. 2011ರ ಸೆಪ್ಟೆಂಬರ್ 28, ನಮ್ಮ ನ್ಯೂಯಾರ್ಕ್ ಮೆಟ್ಸ್ ತಂಡದ ಹೊಸೆ ರೇಯೆಸ್ ನ್ಯಾಷನಲ್ ಲೀಗಿನ ಬ್ಯಾಟಿಂಗ್ ಪಟ್ಟಿಯಲ್ಲಿ ಮುಂದಿದ್ದ. ಕೊನೆಯ ಪಂದ್ಯದ ಮೊದಲ ಇನ್ನಿಂಗ್ಸಿನಲ್ಲೇ ಬಂಟ್ ಮಾಡಿ, ಅಂದರೆ ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟಿ, ಹಿಟ್ ಗಿಟ್ಟಿಸಿದ, ತಕ್ಷಣ ಮೈದಾನದಿಂದ ಹೊರಗೆ ಬಂದ. ಹಾಗೆ ಬರ್ತೀನಿ ಅಂತ ಕೇಳಿಕೊಂಡವನೂ ಅವನೇ. ಜನ ಕೂಗಾಡಿದರು. ಪಟ್ಟಿಯಲ್ಲಿ ಎರಡನೆಯವನಾಗಿದ್ದ ಮಿಲ್ವಾಕಿಯ ರಯಾನ್ ಬ್ರಾನ್ ಅದೇ ರಾತ್ರಿ ಆಡಿ ನಾಲ್ಕಕ್ಕೆ ಸೊನ್ನೆ ಮಾಡಿದ. ಕೊನೆಗೆ ರೇಯೆಸ್ .337, ಬ್ರಾನ್ .332. ಮೆಟ್ಸ್ ಚರಿತ್ರೆಯಲ್ಲೇ ಅದು ಮೊದಲ ಬ್ಯಾಟಿಂಗ್ ಟೈಟಲ್. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ನಕ್ಷತ್ರ ಗುರುತು ಏನೂ ಇಲ್ಲ.

ಮಗನಿಗೆ ಏನು ಹೇಳಲಿ?

ಹೊಸಬ:
ಪ್ರಶ್ನೆಗೆ ಉತ್ತರ ಅಲ್ಲ, ಕ್ಷಮಿಸಿ. ನಾನು ಕ್ರಿಕೆಟ್ ಮಾತ್ರ ನೋಡಿರೋನು. ಆವರೇಜ್ .337 ಅಂದರೆ ಏನು? ನಮ್ಮಲ್ಲಿ ಐವತ್ತು ದಾಟಿದರೆ ದೊಡ್ಡ ಆಟಗಾರ.

ಹಳೇ ಸ್ಕೋರರ್:
ಒಳ್ಳೆಯ ಪ್ರಶ್ನೆ ಕೇಳಿದಿರಿ. ಮೈಸೂರಿನಲ್ಲಿ ಮೂವತ್ತು ವರ್ಷ ಕ್ಲಬ್ ಕ್ರಿಕೆಟ್ಟಿಗೆ ಸ್ಕೋರ್ ಬರೆದವನು ನಾನು. ಮಗಳ ಮನೆಗೆ ಬಂದಮೇಲೆ ಬೇಸ್‌ಬಾಲ್ ಪುಸ್ತಕ ಬರೆಯೋದನ್ನೂ ಕಲಿತೆ.

ಕ್ರಿಕೆಟ್ಟಿನಲ್ಲಿ ರನ್ನನ್ನು ಔಟಾದ ಸಂಖ್ಯೆಯಿಂದ ಭಾಗಿಸುತ್ತೇವೆ. ಇಲ್ಲಿ ಹಿಟ್ಟನ್ನು ಅಟ್‌-ಬ್ಯಾಟಿನಿಂದ ಭಾಗಿಸುತ್ತಾರೆ. ಹತ್ತು ಸಲ ನಿಂತು ಮೂರು ಸಲ ಚೆಂಡು ಹೊಡೆದು ಬೇಸ್, ಅಂದರೆ ಓಡಿ ಮುಟ್ಟಬೇಕಾದ ಗುರುತು, ತಲುಪಿದರೆ .300. ಏಳು ಸಲ ಸೋತವನಿಗೆ ಇಲ್ಲಿ ಸಲಾಮು. ಆದರೆ ಎಲ್ಲ ಸಲವೂ ಅಟ್‌-ಬ್ಯಾಟ್ ಅಲ್ಲ. ನಾಲ್ಕು ಎಸೆತ ದಾರಿ ತಪ್ಪಿ ವಾಕ್, ಅಂದರೆ ಪುಕ್ಕಟೆ ಮೊದಲ ಬೇಸ್, ಸಿಕ್ಕರೆ ಲೆಕ್ಕಕ್ಕಿಲ್ಲ, ಮೈಗೆ ಚೆಂಡು ಬಡಿದರೆ ಲೆಕ್ಕಕ್ಕಿಲ್ಲ, ಸ್ಯಾಕ್ರಿಫೈಸ್ (ತಾನು ಔಟಾಗಿ ಜೊತೆಗಾರನನ್ನು ಮುಂದೆ ಸಾಗಿಸುವುದು) ಆದರೂ ಲೆಕ್ಕಕ್ಕಿಲ್ಲ. ಎಲ್ಲ ಜಗಳವೂ ಹುಟ್ಟುವುದು ಈ "ಲೆಕ್ಕಕ್ಕಿಲ್ಲ" ಅನ್ನುವಲ್ಲೇ.

ಇನ್ನೊಂದು ಮಾತು. ಈ ಲೆಕ್ಕದ ಬೇರು ಕ್ರಿಕೆಟ್ಟಿನಲ್ಲೇ ಇದೆ. ಹೆನ್ರಿ ಚಾಡ್ವಿಕ್ ಅಂತ, 1824ರಲ್ಲಿ ಇಂಗ್ಲೆಂಡಿನ ಎಕ್ಸಿಟರಿನಲ್ಲಿ ಹುಟ್ಟಿ ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದವರು. ಪತ್ರಿಕೆಗೆ ಕ್ರಿಕೆಟ್ ವರದಿ ಬರೆಯುತ್ತಿದ್ದರು. ಬೇಸ್‌ಬಾಲಿಗೆ ಮನಸೋತು, ಕ್ರಿಕೆಟ್ ಸ್ಕೋರ್ ಪಟ್ಟಿಯ ಮಾದರಿಯಲ್ಲೇ ಇದಕ್ಕೂ ಬಾಕ್ಸ್ ಸ್ಕೋರ್ ರೂಢಿಗೆ ತಂದರು. ಸ್ಟ್ರೈಕ್‌ಔಟಿಗೆ (ಮೂರು ಸ್ಟ್ರೈಕಿಗೆ ಔಟಾಗುವುದು) ಪುಸ್ತಕದಲ್ಲಿ "ಕೆ" ಅಂತ ಬರೆಯುವುದೂ ಅವರಿಂದಲೇ ಬಂದದ್ದು. ಪುಸ್ತಕದಲ್ಲಿ "ಕೆ" ಬರೆಯುವಾಗಲೆಲ್ಲ ಆ ಪುಣ್ಯಾತ್ಮನ ನೆನಪಾಗುತ್ತದೆ ನನಗೆ.

ಮಲ್ನಾಡಿಂದ ಮಿಲ್ವಾಕಿ:
ಕ್ವೀನ್ಸ್ ಕನ್ನಡಿಗ ಅವರೇ, ಮಗನಿಗೆ ರೇಯೆಸ್ ಕಥೆ ಗೊತ್ತಿದ್ದರೆ ನಮ್ಮ ಊರಿನ ರಾಬಿನ್ ಯೌಂಟ್ ಕಥೆಯನ್ನೂ ಹೇಳಿ.

1982ರ ಅಕ್ಟೋಬರ್ 3. ಮಿಲ್ವಾಕಿ ಬ್ರೂವರ್ಸ್ ಮತ್ತು ಬಾಲ್ಟಿಮೋರ್ ಓರಿಯೋಲ್ಸ್ ಸಮ ಸಮ. ಅವತ್ತು ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. ಬಾಲ್ಟಿಮೋರಿನಲ್ಲಿ, ಅವರ ಪಿಚರ್ (ಚೆಂಡು ಎಸೆಯುವವನು) ಜಿಮ್ ಪಾಮರ್ ಎದುರು ಯೌಂಟ್ ಎರಡು ಹೋಮ್ ರನ್ ಹೊಡೆದ, ಒಂದು ಟ್ರಿಪಲ್ಲೂ (ಮೂರನೇ ಬೇಸ್ ಮುಟ್ಟಿಸುವ ಹಿಟ್) ಹೊಡೆದ. ನಾಲ್ಕಕ್ಕೆ ಮೂರು. ನಾವು 10-2ರಿಂದ ಗೆದ್ದೆವು. ಅತ್ತ ಬ್ಯಾಟಿಂಗ್ ಪಟ್ಟಿಯಲ್ಲಿ ಮುಂದಿದ್ದ ಕಾನ್ಸಾಸ್ ಸಿಟಿಯ ವಿಲ್ಲಿ ವಿಲ್ಸನ್ ಆ ದಿನ ಬೆಂಚಿನ ಮೇಲೆ ಕೂತಿದ್ದ.

ಈಗ ಲೆಕ್ಕ ನೋಡಿ. ವಿಲ್ಸನ್ 585ಕ್ಕೆ 194, .3316. ಯೌಂಟ್ 635ಕ್ಕೆ 210, .3307. ಇನ್ನೊಂದೇ ಒಂದು ಹಿಟ್ ಸಿಕ್ಕಿದ್ದರೆ 636ಕ್ಕೆ 211 ಆಗಿ ಯೌಂಟ್ ಮೇಲೆ ಬರುತ್ತಿದ್ದ. ಕೊನೇ ಸಲ ಬ್ಯಾಟ್ ಹಿಡಿದು ಬಂದಾಗ ಚೆಂಡು ಅವನ ಮೈಗೆ ಬಡಿಯಿತು. ಅಟ್‌-ಬ್ಯಾಟೂ ಇಲ್ಲ, ಹಿಟ್ಟೂ ಇಲ್ಲ, ಅಲ್ಲಿಗೆ ಮುಗಿಯಿತು. ಪಟ್ಟಿಯಲ್ಲಿ ವಿಲ್ಸನ್ ಮೊದಲು. ವರ್ಷದ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಎಂವಿಪಿ ಪ್ರಶಸ್ತಿ ಯೌಂಟ್‌ಗೆ. ಇಲ್ಲಿ ಈಗಲೂ ಆ ದಿನದ ಬಗ್ಗೆ ಮಾತಾಡುವ ಮುದುಕರಿದ್ದಾರೆ, ವಿಲ್ಸನ್ ಹೆಸರು ಯಾರ ಬಾಯಲ್ಲೂ ಬರೋದಿಲ್ಲ.

ಪೇಡೆನಗರಿ:
ಅಲ್ರೀ ಮಿಲ್ವಾಕಿಯವರ, ನಾ ಸ್ವಲ್ಪ ಅಡ್ಡ ಮಾತಾಡ್ತೀನಿ, ಸಿಟ್ಟು ಮಾಡ್ಕೋಬ್ಯಾಡ್ರಿ. ನಿಮ್ಮ ಯೌಂಟ್‌ಗ ಆಡಾಕ ಕಾರಣ ಇತ್ತು, ಮ್ಯಾಚ್ ಗೆಲ್ಲಬೇಕಿತ್ತು. ವಿಲ್ಸನ್‌ಗ ಏನಿತ್ತು? ಸೀಸನ್ ಪೂರ್ತಿ ಆಡ್ಯಾನ, ಬಿಸಲಾಗ ಓಡ್ಯಾನ, ಒಂದೊಂದು ಹಿಟ್ಟಿಗೆ ಮೈ ಮುರದಾನ. ಹಂಗ ಗಳಿಸಿದ್ದನ್ನ ಒಂದ ದಿನದಾಗ ಕಳ್ಕೋ ಅಂತ ಹೇಳೋ ಹಕ್ಕು ನಮಗ ಯಾರು ಕೊಟ್ರು? ಟೈಟಲ್ ಕೊಡೋದು ಇಡೀ ವರ್ಷದ ಲೆಕ್ಕಕ್ಕ, ಕೊನೇ ದಿನದ ಧೈರ್ಯಕ್ಕಲ್ಲ.

ಆದ್ರ ಹುಡುಗ ಕಾಲು ನೋವು ಅಂತ ಸುಳ್ಳು ಹೇಳೋದು ಬ್ಯಾಡ. "ನಾ ಆಡಂಗಿಲ್ಲ, ಯಾಕಂದ್ರ ನಾ ಮುಂದದೀನಿ" ಅಂತ ಕೋಚ್‌ಗ ನೆಟ್ಟಗ ಹೇಳ್ಲಿ. ರೇಯೆಸ್ ಸುಳ್ಳು ಹೇಳ್ಲಿಲ್ಲಲ್ಲ.

ತುಂಗಾತೀರ:
ಪೇಡೆನಗರಿ ಅಣ್ಣ, ಸುಳ್ಳಿನ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಉಳಿದದ್ದು ಒಪ್ಪಲ್ಲ. ಹನ್ನೆರಡು ವರ್ಷದ ಹುಡುಗ ಬೆಂಚಿನಲ್ಲಿ ಕೂತರೆ ಅವನ ಟೀಮಿನಲ್ಲಿ ಒಬ್ಬ ಕಡಿಮೆ. ಅವನ ಜೊತೆಗಾರರಿಗೆ ಏನು ಉತ್ತರ?

ಫಿಲ್ಲಿ ವಾಸಿ:
ಈ ಚರ್ಚೆಯಲ್ಲಿ ಟೆಡ್ ವಿಲಿಯಮ್ಸ್ ಹೆಸರು ಇನ್ನೂ ಬರಲಿಲ್ಲವಲ್ಲ ಅಂತ ಕಾಯ್ತಾ ಇದ್ದೆ. ಅದು ನಡೆದದ್ದು ನಮ್ಮ ಫಿಲಡೆಲ್ಫಿಯಾದಲ್ಲಿ, ಶೈಬ್ ಪಾರ್ಕಿನಲ್ಲಿ. ಆ ಮೈದಾನ ಈಗಿಲ್ಲ, ಅಲ್ಲೊಂದು ಚರ್ಚ್ ಇದೆ.

1941ರ ಸೆಪ್ಟೆಂಬರ್ 28. ಇಸವಿ ಬಿಟ್ಟು ತಾರೀಖು ನೋಡಿ, ರೇಯೆಸ್ ಬಂಟ್ ಮಾಡಿ ಹೊರಬಂದದ್ದು ಸರಿಯಾಗಿ ಎಪ್ಪತ್ತು ವರ್ಷದ ನಂತರ ಅದೇ ದಿನ. ಬಾಸ್ಟನ್ ರೆಡ್ ಸಾಕ್ಸ್ ಆ ದಿನ ಎರಡು ಪಂದ್ಯ ಆಡಬೇಕಿತ್ತು, ಡಬಲ್ ಹೆಡರ್. ಬೆಳಿಗ್ಗೆ ಎದ್ದಾಗ ವಿಲಿಯಮ್ಸ್ ಲೆಕ್ಕ 448ಕ್ಕೆ 179. ಭಾಗಿಸಿದರೆ .39955. ಪಟ್ಟಿಯಲ್ಲಿ ಮೂರು ಅಂಕಿ ಮಾತ್ರ ಬರೆಯೋದು, ಅಲ್ಲಿಗೆ .400. ಮ್ಯಾನೇಜರ್ ಜೋ ಕ್ರೋನಿನ್, ಬೇಕಾದರೆ ಕೂತುಕೋ ಅಂದರು. ಇಪ್ಪತ್ಮೂರು ವರ್ಷದ ಹುಡುಗ ಒಪ್ಪಲಿಲ್ಲ. ಮೊದಲ ಪಂದ್ಯದಲ್ಲಿ ಐದಕ್ಕೆ ನಾಲ್ಕು, ಅದರಲ್ಲೊಂದು ಹೋಮ್ ರನ್. ಅಷ್ಟಾದ ಮೇಲಾದರೂ ಕೂರಬಹುದಿತ್ತು. ಕೂರಲಿಲ್ಲ. ಎರಡನೆಯದರಲ್ಲಿ ಮೂರಕ್ಕೆ ಎರಡು. 456ಕ್ಕೆ 185, .406. ಅಮೆರಿಕನ್ ಮತ್ತು ನ್ಯಾಷನಲ್ ಲೀಗುಗಳಲ್ಲಿ ಅಲ್ಲಿಂದ ಇಲ್ಲಿಯವರೆಗೆ ಯಾರೂ ನಾನೂರು ಮುಟ್ಟಿಲ್ಲ.

ಇದಕ್ಕೊಂದು ಬಾಲ ಇದೆ. ಆ ವರ್ಷದ ನಿಯಮದಲ್ಲಿ ಸ್ಯಾಕ್ರಿಫೈಸ್ ಫ್ಲೈಗೆ ವಿನಾಯಿತಿ ಇರಲಿಲ್ಲ. ಅಂದರೆ ಮೇಲಕ್ಕೆ ಹೊಡೆದು, ಔಟ್‌ಫೀಲ್ಡಿನಲ್ಲಿ ಕ್ಯಾಚ್ ಆಗಿ, ಮೂರನೇ ಬೇಸಿನಲ್ಲಿದ್ದವನು ಓಡಿ ಬಂದು ರನ್ ಆದರೆ ಇವತ್ತು ಅಟ್‌-ಬ್ಯಾಟ್ ಹಾಕಲ್ಲ, ಅವತ್ತು ಹಾಕ್ತಿದ್ದರು. ಈಗಿನ ನಿಯಮ ಇದ್ದಿದ್ದರೆ ವಿಲಿಯಮ್ಸ್ ಆವರೇಜ್ ಇನ್ನೂ ಮೇಲಿರುತ್ತಿತ್ತು.

ಪೇಡೆನಗರಿ:
ವಿಲಿಯಮ್ಸ್ ದೊಡ್ಡಾಂವ, ಕೈ ಮುಗಿತೀನಿ. ಆದ್ರ ಆರು ಹಿಟ್ ಬಿದ್ದಿದ್ದಕ್ಕ ಇವತ್ತು ಆ ಕಥಿ ಹೇಳ್ತೀವಿ. ಎಂಟಕ್ಕ ಒಂದು ಆಗಿದ್ರ? 456ಕ್ಕ 180, .395. ಆಗ ಇದನ್ನ ಯಾರು ಹೇಳ್ತಿದ್ರು? ಆಡಿ ಸೋತವರ ಕಥಿನೂ ಯಾರರ ಹೇಳ್ರಿ.

ತುಂಗಾತೀರ:
ಹೇಳ್ತೀನಿ ಅಣ್ಣ, ಆಲ್ ರೋಸೆನ್. 1953, ಕ್ಲೀವ್‌ಲ್ಯಾಂಡ್. ಹೋಮ್ ರನ್ 43, ಆರ್‌ಬಿಐ (ತನ್ನ ಬ್ಯಾಟಿಂಗಿನಿಂದ ತಂಡಕ್ಕೆ ಬಂದ ರನ್) 145, ಎರಡರಲ್ಲೂ ಲೀಗಿಗೇ ಮೊದಲು. ಬ್ಯಾಟಿಂಗ್ ಆವರೇಜೂ ಸಿಕ್ಕಿದ್ದರೆ ಟ್ರಿಪಲ್ ಕ್ರೌನ್. ಕೊನೆಯ ದಿನ ವಾಷಿಂಗ್ಟನ್ನಿನ ಮಿಕಿ ವರ್ನನ್ ಜೊತೆ ಪೈಪೋಟಿ. ಇಬ್ಬರೂ ಆಡಿದರು. ರೋಸೆನ್ ಕೊನೆಯ ಸಲ ಮೆಲ್ಲಗೆ ಉರುಳುವ ಚೆಂಡು ಹೊಡೆದು ಮೊದಲ ಬೇಸಿಗೆ ಓಡಿದ. ಒಂದು ಹೆಜ್ಜೆ ಕಡಿಮೆಯಾಯಿತು, ಔಟ್. ವರ್ನನ್ .337, ರೋಸೆನ್ .336.

ಅತ್ತ ವಾಷಿಂಗ್ಟನ್ನಿನಲ್ಲಿ ಸುದ್ದಿ ಮುಟ್ಟಿದ ಮೇಲೆ ವರ್ನನ್‌ನ ಜೊತೆಗಾರರು, ಅವನಿಗೆ ಇನ್ನೊಮ್ಮೆ ಬ್ಯಾಟಿಂಗ್ ಬರಬಾರದು ಅಂತ ಬೇಸಿನ ಮೇಲೆ ಬೇಕಂತಲೇ ಔಟಾದರು ಅನ್ನೋದು ಆ ದಿನದ ಪ್ರಸಿದ್ಧ ಕಥೆ. ರೋಸೆನ್ ಆಡಿ ಸೋತ. ಆದರೂ ಆ ವರ್ಷದ ಎಂವಿಪಿ ಅವನೇ, ಒಂದು ಮತವೂ ಬೇರೆಯವರಿಗೆ ಹೋಗಲಿಲ್ಲ.

ಹಳೇ ಸ್ಕೋರರ್:
ಜೊತೆಗಾರರು ಬಿಟ್ಟುಕೊಟ್ಟ ಮಾತು ಬಂದಾಗ ನಮ್ಮವರೇ ನೆನಪಾಗುತ್ತಾರೆ. 1999ರ ಫೆಬ್ರವರಿ, ದಿಲ್ಲಿಯ ಕೋಟ್ಲಾ. ಕುಂಬ್ಳೆಗೆ ಒಂಬತ್ತು ವಿಕೆಟ್ ಆಗಿತ್ತು. ಇನ್ನೊಂದು ತುದಿಯಿಂದ ಶ್ರೀನಾಥ್ ಸ್ಟಂಪಿನಿಂದ ಬಲು ದೂರ ಎಸೆದರು, ತಪ್ಪಿಯೂ ವಿಕೆಟ್ ಬೀಳಬಾರದು ಅಂತ. ಕುಂಬ್ಳೆ 74ಕ್ಕೆ 10. ಅದನ್ನು ಮೋಸ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಪಂದ್ಯ ಭಾರತದ ಕೈಗೆ ಬಂದಾಗಿತ್ತು, ಯಾರ ಹಕ್ಕನ್ನೂ ಕಸಿದುಕೊಳ್ಳಲಿಲ್ಲ.

ಆದರೆ 1910ರಲ್ಲಿ ಬೇಸ್‌ಬಾಲಿನಲ್ಲಿ ನಡೆದದ್ದು ಬೇರೆ ಜಾತಿಯದು. ಆ ವರ್ಷ ಬ್ಯಾಟಿಂಗ್ ಟೈಟಲ್ ಗೆದ್ದವರಿಗೆ ಚಾಮರ್ಸ್ ಕಂಪನಿ ಕಾರು ಬಹುಮಾನ ಇಟ್ಟಿತ್ತು. ಡೆಟ್ರಾಯಿಟಿನ ಟೈ ಕಾಬ್ ಮುಂದಿದ್ದೇನೆ ಅಂತ ಕೊನೆಯ ಪಂದ್ಯಗಳಿಗೆ ಬರಲಿಲ್ಲ. ಕ್ಲೀವ್‌ಲ್ಯಾಂಡಿನ ನ್ಯಾಪ್ ಲಾಝ್ವೇ ಕೊನೆಯ ದಿನ ಸೇಂಟ್ ಲೂಯಿಸಿನಲ್ಲಿ ಡಬಲ್ ಹೆಡರ್ ಆಡಿದ. ಕಾಬ್‌ನನ್ನು ಕಂಡರೆ ಆಗದ ಸೇಂಟ್ ಲೂಯಿಸ್ ಮ್ಯಾನೇಜರ್ ಜ್ಯಾಕ್ ಓಕಾನರ್, ಮೂರನೇ ಬೇಸಿನಲ್ಲಿದ್ದ ಹೊಸ ಹುಡುಗ ರೆಡ್ ಕಾರಿಡನ್‌ಗೆ ಬಹಳ ಹಿಂದೆ ಹೋಗಿ ನಿಲ್ಲು ಅಂದ. ಲಾಝ್ವೇ ಬಂಟ್ ಮೇಲೆ ಬಂಟ್ ಮಾಡಿದ. ಎಂಟು ಹಿಟ್. ಒಂದನ್ನು ಸ್ಕೋರರ್ ಹಿಟ್ ಅಂತ ಬರೆಯಲಿಲ್ಲ, ಬರೆದರೆ ಹೊಸ ಸೂಟ್ ಕೊಡಿಸುತ್ತೇವೆ ಅಂತ ಅವನಿಗೆ ಆಮಿಷ ಹೋಯಿತು. ಅವನು ಬಗ್ಗಲಿಲ್ಲ. ಹೆಸರು ದೊಡ್ಡದಾಗಿ ಯಾರೂ ಹೇಳುವುದಿಲ್ಲ, ಆದರೆ ಈ ಕಥೆಯಲ್ಲಿ ನನಗೆ ಗೌರವ ಇರುವುದು ಆ ಸ್ಕೋರರ್ ಮೇಲೆ.

ಲೀಗಿನ ಅಧ್ಯಕ್ಷ ಬ್ಯಾನ್ ಜಾನ್ಸನ್ ಕಾಬ್‌ನೇ ಗೆದ್ದ ಅಂದರು. ಕಂಪನಿ ಇಬ್ಬರಿಗೂ ಕಾರು ಕೊಟ್ಟಿತು. ಓಕಾನರ್ ಕೆಲಸ ಹೋಯಿತು. ಎಷ್ಟೋ ದಶಕದ ಮೇಲೆ ಸಂಶೋಧಕರು ಹಳೆಯ ಪುಸ್ತಕ ತೆಗೆದರೆ, ಕಾಬ್‌ನ ಒಂದು ಪಂದ್ಯ ಎರಡು ಸಲ ಬರೆಯಲಾಗಿತ್ತು. ಅದನ್ನು ಕಳೆದರೆ ಲಾಝ್ವೇ ಮುಂದೆ. 1981ರಲ್ಲಿ ಕಮಿಷನರ್ ಬೋವಿ ಕೂನ್ ದಾಖಲೆ ಬದಲಿಸಲು ಒಪ್ಪಲಿಲ್ಲ. ಇವತ್ತಿಗೂ ಒಂದೊಂದು ಪಟ್ಟಿಯಲ್ಲಿ ಒಬ್ಬೊಬ್ಬ ಮೊದಲಿದ್ದಾನೆ.

ಹೊಸಬ:
ಸರ್, ಇದನ್ನ ಓದಿ ರೋಮಾಂಚನ ಆಯ್ತು. ಇನ್ನೊಂದು ಸಂಶಯ. ಯಾರೋ ಒಬ್ಬ ವರ್ಷಕ್ಕೆ ಎರಡೇ ಸಲ ಆಡಿ ಎರಡು ಹಿಟ್ ಹೊಡೆದರೆ ಅವನೇ ಮೊದಲಾ?

ಫಿಲ್ಲಿ ವಾಸಿ:
ಇಲ್ಲ. ತಂಡ ಆಡಿದ ಪ್ರತಿ ಪಂದ್ಯಕ್ಕೆ 3.1ರಂತೆ ಪ್ಲೇಟ್ ಅಪಿಯರೆನ್ಸ್ (ಬ್ಯಾಟ್ ಹಿಡಿದು ಬಂದ ಸಲ) ಬೇಕು. 162 ಪಂದ್ಯಕ್ಕೆ 502. ಇಲ್ಲಿ ವಾಕೂ ಸೇರಿ ಎಲ್ಲವೂ ಲೆಕ್ಕಕ್ಕಿದೆ. ಇದರ ಹಿಂದೆಯೂ ವಿಲಿಯಮ್ಸ್ ಇದ್ದಾರೆ. 1954ರಲ್ಲಿ ಅವರದು .345, ಆದರೆ ಆಗ ಬೇಕಾಗಿದ್ದದ್ದು 400 ಅಟ್‌-ಬ್ಯಾಟ್. ಪಿಚರುಗಳು ಹೆದರಿ 136 ವಾಕ್ ಕೊಟ್ಟಿದ್ದರಿಂದ ಅವರಿಗೆ 386 ಮಾತ್ರ ಆಯ್ತು. ಟೈಟಲ್ .341ರ ಬಾಬಿ ಆವಿಲಾಗೆ ಹೋಯಿತು. ಹೆದರಿಸಿದ್ದಕ್ಕೆ ದಂಡ ಹಾಕಿದ ಹಾಗಾಯಿತು. ಕೆಲವೇ ವರ್ಷದಲ್ಲಿ ನಿಯಮ ಬದಲಾಯಿತು.

ಕಡಿಮೆ ಬಿದ್ದರೂ ಒಂದು ದಾರಿ ಇದೆ. 1996ರಲ್ಲಿ ಸ್ಯಾನ್ ಡಿಯೆಗೊದ ಟೋನಿ ಗ್ವಿನ್‌ಗೆ 498 ಮಾತ್ರ ಇತ್ತು, ನಾಲ್ಕು ಕಮ್ಮಿ. ಆ ನಾಲ್ಕರಲ್ಲೂ ಸೊನ್ನೆ ಅಂತ ಸೇರಿಸಿ ನೋಡಿದರು, ಆಗಲೂ ಅವನೇ ಮುಂದೆ. ಟೈಟಲ್ ಕೊಟ್ಟರು. ಪಟ್ಟಿಯಲ್ಲಿ .353 ಅಂತಲೇ ಇದೆ.

ತುಂಗಾತೀರ:
ನಾನಿರೋದು ಮಿನಿಯಾಪೊಲಿಸ್ಸಿನಲ್ಲಿ, ಹಾಗಾಗಿ ನಮ್ಮವರ ಬಗ್ಗೆ ಎರಡು ಮಾತು. ರಾಡ್ ಕರೂ ನಮ್ಮ ಟ್ವಿನ್ಸ್ ತಂಡದಲ್ಲಿದ್ದುಕೊಂಡೇ ಏಳು ಟೈಟಲ್ ಗೆದ್ದ. 1972ರಲ್ಲಿ ಒಂದೂ ಹೋಮ್ ರನ್ ಇಲ್ಲದೆ .318ಕ್ಕೆ ಗೆದ್ದ. ಲೂಯಿಸ್ ಅರಾಯೆಸ್ 2022ರಲ್ಲಿ ಇಲ್ಲಿ .316, 2023ರಲ್ಲಿ ಮಯಾಮಿಗೆ ಹೋಗಿ .354, 2024ರಲ್ಲಿ ಸ್ಯಾನ್ ಡಿಯೆಗೊದಲ್ಲಿ .314. ಮೂರು ವರ್ಷ, ಮೂರು ತಂಡ, ಮೂರು ಟೈಟಲ್. 2022ರಲ್ಲಿ ಎದುರಿಗಿದ್ದವನು ಆರನ್ ಜಡ್ಜ್, 62 ಹೋಮ್ ರನ್ ಹೊಡೆದ ವರ್ಷ ಅದು. ಜಡ್ಜ್ .311ಕ್ಕೆ ನಿಂತ.

ಇತ್ತೀಚೆಗೆ ಕೆಲವರು ಆವರೇಜಿಗೆ ಬೆಲೆ ಇಲ್ಲ, ವಾಕ್ ಸೇರಿಸಿದ ಲೆಕ್ಕವೇ ಸರಿ ಅಂತಾರೆ. ತಂಡ ಕಟ್ಟೋರಿಗೆ ಅದು ಸರಿ ಇರಬಹುದು. ಆದರೆ ಚೆಂಡನ್ನು ಬ್ಯಾಟಿಗೆ ತಾಗಿಸುವ ಕಲೆ ಅಂತ ಒಂದಿದೆ. ಅರಾಯೆಸ್ ಆಡೋದನ್ನ ಸ್ಟೇಡಿಯಂನಲ್ಲಿ ಕೂತು ನೋಡಿದ್ದೀನಿ. ಸೊಪ್ಪು ಸೋಸೋರ ಕೈ ಹಾಗೆ, ಒಂದು ಚೂರೂ ವ್ಯರ್ಥ ಆಗಲ್ಲ. ಆ ಕಲೆಯನ್ನು ಅಳೆಯೋಕೆ ನನಗೆ ಈ ಹಳೇ ಲೆಕ್ಕವೇ ಬೇಕು.

ಮಲ್ನಾಡಿಂದ ಮಿಲ್ವಾಕಿ:
2025ರಲ್ಲಿ ನ್ಯಾಷನಲ್ ಲೀಗಿನಲ್ಲಿ ಟ್ರೇ ಟರ್ನರ್ .304ಕ್ಕೇ ಗೆದ್ದನಲ್ಲ ಅಕ್ಕಾ. ಅರ್ಹತೆ ಪಡೆದವರಲ್ಲಿ ಮುನ್ನೂರು ದಾಟಿದವನು ಇಡೀ ಲೀಗಿಗೆ ಅವನೊಬ್ಬನೇ. ಗ್ವಿನ್ 1994ರಲ್ಲಿ .394 ಇದ್ದಾಗ ಆಗಸ್ಟ್‌ನಲ್ಲಿ ಮುಷ್ಕರ ಬಂದು ಸೀಸನ್ನೇ ನಿಂತುಹೋಯಿತು. ಅದರ ಪಕ್ಕ ಇದನ್ನ ಹೇಗೆ ಇಡೋದು?

ಫಿಲ್ಲಿ ವಾಸಿ:
ನಮ್ಮ ಟರ್ನರ್ ಬಗ್ಗೆ ಹಾಗೆ ಅನ್ನಬೇಡಿ. 1930ರಲ್ಲಿ ಬಿಲ್ ಟೆರಿ .401 ಹೊಡೆದಾಗ ನ್ಯಾಷನಲ್ ಲೀಗಿನ ಎಲ್ಲರ ಒಟ್ಟು ಸರಾಸರಿಯೇ .303 ಇತ್ತು. ಹೊಳೆ ತುಂಬಿದಾಗ ಎಲ್ಲ ದೋಣಿಯೂ ಮೇಲೇಳುತ್ತೆ. 1968ರಲ್ಲಿ ಅಮೆರಿಕನ್ ಲೀಗ್ ಒಟ್ಟು .230ಕ್ಕೆ ಇಳಿದಿತ್ತು, ಕಾರ್ಲ್ ಯಾಸ್ಟ್ರೆಮ್ಸ್ಕಿ .301ಕ್ಕೆ ಗೆದ್ದ. ಗೆದ್ದವರ ಆವರೇಜಿನಲ್ಲಿ ಅದಕ್ಕಿಂತ ಕಡಿಮೆ ಇಲ್ಲ. ಮರುವರ್ಷ ಪಿಚರ್ ನಿಲ್ಲೋ ದಿಬ್ಬವನ್ನು 15 ಇಂಚಿನಿಂದ 10ಕ್ಕೆ ಇಳಿಸಬೇಕಾಯಿತು. ಈಗಿನ ಪಿಚರುಗಳು ನೂರು ಮೈಲಿ ವೇಗದಲ್ಲಿ ಎಸೀತಾರೆ, ಇನ್ನಿಂಗ್ಸಿಗೊಬ್ಬ ಹೊಸಬ ಬರ್ತಾನೆ.

ಒಂದೇ ಸೀಸನ್ನಿನ ಆವರೇಜಿನ ಪಟ್ಟಿಯಲ್ಲಿ ಈಗ ಎಲ್ಲರಿಗಿಂತ ಮೇಲೆ ಯಾರಿದ್ದಾರೆ ಗೊತ್ತಲ್ಲ? ಜಾಶ್ ಗಿಬ್ಸನ್, 1943, .466. ಕರಿಯರನ್ನು ಹೊರಗಿಟ್ಟ ಕಾಲದಲ್ಲಿ ಅವರು ತಮ್ಮದೇ ನೀಗ್ರೋ ಲೀಗುಗಳಲ್ಲಿ ಆಡಿದರು. ಆ ದಾಖಲೆಗಳನ್ನು, ಅಮೆರಿಕನ್ ಮತ್ತು ನ್ಯಾಷನಲ್ ಲೀಗು ಸೇರಿದ ಮೇಜರ್ ಲೀಗ್ ತನ್ನ ಪಟ್ಟಿಗೆ ಸೇರಿಸಿದ್ದು 2024ರ ಮೇ ತಿಂಗಳಲ್ಲಿ. ಪಂದ್ಯ ಕಡಿಮೆ ಅಂತ ಕೆಲವರು ತಕರಾರು ತೆಗೀತಾರೆ. 2020ರಲ್ಲಿ ಕೋವಿಡ್ ಬಂದು 60 ಪಂದ್ಯ ಮಾತ್ರ ಆಡಿದಾಗ ಟೈಟಲ್ ಕೊಡಲಿಲ್ಲವಾ? ಗಿಬ್ಸನ್ ತೀರಿಕೊಂಡದ್ದು 1947ರ ಜನವರಿಯಲ್ಲಿ, 35ನೇ ವಯಸ್ಸಿಗೆ. ಕರಿಯ ಆಟಗಾರ ಜ್ಯಾಕಿ ರಾಬಿನ್ಸನ್ ಆ ತಡೆ ಮುರಿದು ಮೇಜರ್ ಲೀಗಿನ ಬಾಗಿಲು ದಾಟಿದ್ದು ಅದೇ ಏಪ್ರಿಲ್ಲಿನಲ್ಲಿ. ಮೂರು ತಿಂಗಳು. ಇದನ್ನ ಬರೆಯುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಪೇಡೆನಗರಿ:
ಗಿಬ್ಸನ್ ಮಾತಿಗೆ ಎದುರು ಮಾತಿಲ್ಲ.

ಕ್ವೀನ್ಸ್ ಅವರ, ನಿಮ್ಮ ಹುಡುಗನ ವಿಷಯಕ್ಕ ಬರ್ತೀನಿ. ಎರಡ ದಿನ ವಿಚಾರ ಮಾಡಿದೆ. 2014ರಾಗ ಹ್ಯೂಸ್ಟನ್ನಿನ ಹೊಸೆ ಆಲ್ಟುವೆನ್ನ ಕೊನೇ ದಿನ ಕೂರಸ್ತೀವಿ ಅಂತ ಮೊದಲು ಹೇಳಿದ್ರು, ಆಮ್ಯಾಲ ಆಡಿಸಿದ್ರು. ನಾಕಕ್ಕ ಎರಡು ಹೊಡದು .341ಕ್ಕ ಗೆದ್ದ. ಕೂರೋದು ತಪ್ಪಲ್ಲ ಅಂತ ನಾ ಈಗಲೂ ಅಂತೀನಿ. ಆದ್ರ ಅದು ದೊಡ್ಡವರ ಮಾತು. ತುಂಗಾತೀರ ಅಕ್ಕಾರು ಹೇಳಿದ್ದು ಖರೆ, ಹುಡುಗರ ಟೀಮಿನಾಗ ಒಬ್ಬ ಕಮ್ಮಿ ಆಗಬಾರದು. ಆಡ್ಲಿ ಬಿಡ್ರಿ.

ಕ್ವೀನ್ಸ್ ಕನ್ನಡಿಗ:
ಶನಿವಾರ ರಾತ್ರಿ ಬರೀತಿದ್ದೀನಿ. ನಿಮ್ಮ ಬರಹಗಳನ್ನು ಶುಕ್ರವಾರ ಅವನಿಗೆ ಓದಿ ಹೇಳಿದೆ. ನಾನಾಗಿ ಏನೂ ಹೇಳಲಿಲ್ಲ. ಯೌಂಟ್‌ಗೆ ಚೆಂಡು ಬಡಿದದ್ದನ್ನು ಎರಡು ಸಲ ಓದಿಸಿಕೊಂಡ. ಬೆಳಿಗ್ಗೆ ಎದ್ದು ಬೂಟು ಕಟ್ಟಿಕೊಳ್ತಾ ಇದ್ದ.

ಮೊದಲ ಸಲ ಸ್ಟ್ರೈಕ್‌ಔಟ್. ಎರಡನೇ ಸಲ ವಾಕ್. ಮೂರನೇ ಸಲ ಬಂದಾಗ ಸ್ಕೋರು ಸಮ, ಒಬ್ಬ ಔಟ್ ಆಗಿದ್ದ, ಮೂರನೇ ಬೇಸಿನಲ್ಲಿ ಜೊತೆಗಾರ. ಇವನು ಸೆಂಟರ್ ಫೀಲ್ಡಿಗೆ ಎತ್ತಿ ಹೊಡೆದ. ಕ್ಯಾಚ್ ಆಯ್ತು, ಮೂರನೇ ಬೇಸಿನ ಹುಡುಗ ಓಡಿ ಬಂದ, ರನ್. ಟೀಮ್ ಗೆದ್ದಿತು. ಆ ಇನ್ನೊಬ್ಬ ಹುಡುಗ ಎರಡಕ್ಕೆ ಒಂದು ಮಾಡಿ 27ಕ್ಕೆ 11, .407.

ಟೀಮಿನ ಪುಸ್ತಕ ಬರೆಯುವ ಪೋಷಕರು ಇವನಿಗೆ ಎರಡು ಅಟ್‌-ಬ್ಯಾಟ್ ಹಾಕಿದ್ದಾರೆ. 30ಕ್ಕೆ 12, .400. ಎರಡನೇ ಸ್ಥಾನ. ಮಗ ಮನೆಗೆ ಬರ್ತಾ ಕಾರಿನಲ್ಲಿ ಕೇಳಿದ, "ಅಪ್ಪಾ, ಆ ಫಿಲಡೆಲ್ಫಿಯಾ ಅಂಕಲ್ ಬರೆದಿದ್ರಲ್ಲ, ಅದು 1941ರ ನಿಯಮ ಅಲ್ವಾ?" ಸ್ಕೋರರ್ ಸರ್, ನೀವೇ ಹೇಳಬೇಕು.

ಹಳೇ ಸ್ಕೋರರ್:
ಔಟ್ ಒಂದೇ ಇತ್ತು, ಚೆಂಡು ಔಟ್‌ಫೀಲ್ಡಿನಲ್ಲಿ ಕ್ಯಾಚ್ ಆಯಿತು, ಕ್ಯಾಚ್ ಆದ ಮೇಲೆ ಮೂರನೇ ಬೇಸಿನಿಂದ ರನ್ ಬಂತು. ಅದು ಸ್ಯಾಕ್ರಿಫೈಸ್ ಫ್ಲೈ. ಅಟ್‌-ಬ್ಯಾಟ್ ಒಂದೇ, ಸ್ಟ್ರೈಕ್‌ಔಟಿನದು. 29ಕ್ಕೆ 12. .414. ಪುಸ್ತಕ ಬರೆದವರಿಗೆ ಮರ್ಯಾದೆಯಿಂದ ತೋರಿಸಿ, ತಿದ್ದುತ್ತಾರೆ. ಅವಸರದಲ್ಲಿ ನಾನೂ ಎಷ್ಟೋ ಸಲ ಹೀಗೆ ಬರೆದು ತಿದ್ದಿದ್ದೇನೆ.

ಹುಡುಗನಿಗೆ ಸ್ಕೋರ್ ಪುಸ್ತಕ ಬರೆಯೋದು ಕಲಿಯುವ ಮನಸ್ಸಿದ್ದರೆ ಹೇಳಿ. ನನ್ನ ಹತ್ತಿರ ಒಂದು ಹೊಸ ಪುಸ್ತಕ ಇದೆ, ಒಂದು ಹಾಳೆಯೂ ತುಂಬಿಲ್ಲ.